ಹಳದಿ ಕಲೆ ಕೆಂಪಾಗಿದ್ದು ಯಾಕೆ ಅಂತ ಕೇಳಿದ್ಯಲ್ಲ, ಮಗಳೇ

ಪುಟ್ಟೀ,

ಮೊನ್ನೆ ಶನಿವಾರ ನೀನು ಅಂಗಳದಲ್ಲಿ ಅರಿಶಿನ ಪುಡಿ ಕಲಸಿ ಗೋಡೆಗೆಲ್ಲಾ ಬಳಿದು, ಹಂಗೇ ಫ್ರಾಕಿಗೂ ಬಳ್ಕೊಂಡು ಬಂದಾಗ ನಾನು ಬೈದೆ. ಬೈತಾ ಬೈತಾನೇ ಫ್ರಾಕನ್ನ ಬಕೆಟ್ಟಿಗೆ ಹಾಕಿ ಸೋಪು ಹಚ್ಚಿ ತಿಕ್ತಾ ಇದ್ರೆ ಹಳದಿ ಕಲೆ ನಮ್ಮಿಬ್ರ ಕಣ್ಣೆದುರಿಗೇ ಇಟ್ಟಿಗೆ ಬಣ್ಣಕ್ಕೆ ತಿರುಗ್ತು. ನೀನು ಅಳೋದು ನಿಲ್ಸಿ, "ಅಪ್ಪಾ, ಹಳದಿ ಇದ್ದಿದ್ದು ಕೆಂಪು ಯಾಕಾಯ್ತು?" ಅಂತ ಕೇಳಿದೆ. ನಾನು "ಸುಮ್ನೆ ಒಳಗೆ ಹೋಗು" ಅಂದೆ.

ಅದು ನನ್ನ ತಪ್ಪು ಕಂದ. ಅವತ್ತಿಂದ ಅದೇ ತಲೇಲಿ ಕೊರೀತಾ ಇದೆ. ಕಣ್ಣಲ್ಲಿ ನೀರಿದ್ದಾಗ್ಲೂ ಬಣ್ಣ ಬದಲಾಗಿದ್ದನ್ನ ನೋಡಿ ಯಾಕೆ ಅಂತ ಕೇಳೋ ಮಗೂಗೆ ಅಪ್ಪ ಉತ್ತರ ಕೊಡ್ಬೇಕಿತ್ತು, ಕೊಡ್ಲಿಲ್ಲ. ಅದಕ್ಕೇ ಈ ಪತ್ರ. ಬರೆದು ನಿನ್ನ ಡ್ರಾಯಿಂಗ್ ಪುಸ್ತಕದೊಳಗೆ ಇಡ್ತೀನಿ, ನಿಧಾನಕ್ಕೆ ಓದ್ಕೋ.

ಅರಿಶಿನಕ್ಕೆ ಹಳದಿ ಬಣ್ಣ ಕೊಡೋ ವಸ್ತುವಿನ ಹೆಸರು ಕರ್ಕ್ಯುಮಿನ್. ಅದರ ಗುಣ ಏನಪ್ಪಾ ಅಂದ್ರೆ ಸುಮ್ನೆ ನೀರಲ್ಲಿ, ನಿಂಬೆರಸದಲ್ಲಿ, ವಿನೆಗರಲ್ಲಿ ಹಳದಿಯಾಗೇ ಇರುತ್ತೆ, ಆದ್ರೆ ಕ್ಷಾರ ತಗುಲಿದ ತಕ್ಷಣ ಕೆಂಪಗೆ ತಿರುಗುತ್ತೆ. ಬಟ್ಟೆ ಸೋಪು ಕ್ಷಾರ. ಅಡುಗೆ ಸೋಡಾ ಕಲಸಿದ ನೀರೂ ಕ್ಷಾರ, ಸ್ವಲ್ಪ ಸೌಮ್ಯ ಅಷ್ಟೇ. ಕೆಂಪಾದ ಕಲೆ ಮೇಲೆ ಎರಡು ಹನಿ ನಿಂಬೆರಸ ಹಿಂಡಿದ್ರೆ ಮತ್ತೆ ಹಳದಿ! ಹಿಂಗೆ ಬಣ್ಣ ಬದಲಾಯಿಸಿ ಇದು ಆಮ್ಲನೋ ಕ್ಷಾರನೋ ಅಂತ ಹೇಳೋ ವಸ್ತುವಿಗೆ ಸೂಚಕ ಅಂತಾರೆ, ಲ್ಯಾಬಲ್ಲಿ ಅರಿಶಿನ ಹಚ್ಚಿದ ಕಾಗದವನ್ನ ಇದೇ ಕೆಲಸಕ್ಕೆ ಇಟ್ಕೊಂಡಿರ್ತಾರೆ. ಅಂದ್ರೆ ಅವತ್ತು ನಿನ್ನ ಫ್ರಾಕೇ ಲ್ಯಾಬ್ ಆಗಿತ್ತು, ನಾನು ಗಮನಿಸ್ಲಿಲ್ಲ.

ಮತ್ತೆ ಎಷ್ಟು ತಿಕ್ಕಿದ್ರೂ ಕಲೆ ಹೋಗ್ಲಿಲ್ಲ ಅಲ್ವಾ? ಕರ್ಕ್ಯುಮಿನ್ ನೀರಲ್ಲಿ ಸರಿಯಾಗಿ ಕರಗಲ್ಲ. ಎಣ್ಣೇಲಿ ಕರಗುತ್ತೆ, ಸ್ಪಿರಿಟ್‌ನಲ್ಲಿ ಕರಗುತ್ತೆ. ಆದ್ರೆ ಅದನ್ನ ನಿಜವಾಗ್ಲೂ ಸೋಲಿಸೋದು ಬಿಸಿಲು. ಬೆಳಕು ಬಿದ್ದು ಬಿದ್ದು ಆ ಕಣ ಒಡೆದುಹೋಗುತ್ತೆ, ಬಣ್ಣ ಮಾಯ. ಇದನ್ನ ಇಟ್ಕೊಂಡೇ ಭಾನುವಾರ ನಾವಿಬ್ರೂ ಚಿತ್ರ ಮಾಡ್ಬಹುದು, ಕುಂಚಾನೇ ಇಲ್ದೆ.

ಹೇಗೆ ಅಂದ್ರೆ, ನಾನು ಸ್ಪಿರಿಟ್‌ನಲ್ಲಿ ಅರಿಶಿನ ಕದಡಿ ಕೊಡ್ತೀನಿ (ಸ್ಪಿರಿಟ್ ಬಾಟ್ಲಿ ಮುಟ್ಟೋದು ನಾನು ಮಾತ್ರ, ಬೆಂಕಿ ಹತ್ರ ಅಂತೂ ಅದು ಹೋಗಲೇಬಾರದು), ಅದನ್ನ ದಪ್ಪ ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸೋಣ, ಒಣಗಿದ ಮೇಲೆ ನೀನು ಆರಿಸಿದ ಎಲೆ ಇಟ್ಟು ಮೇಲೊಂದು ಗಾಜು ಮುಚ್ಚಿ ಉರಿಬಿಸಿಲಲ್ಲಿ ಕೆಲವು ಗಂಟೆ ಬಿಡೋಣ. ಎಲೆ ಸುತ್ತಲಿನ ಹಳದಿ ಪೇಲವ ಆಗುತ್ತೆ, ಎಲೆ ಅಡಿಗಿದ್ದ ಹಳದಿ ಹಂಗೇ ಉಳಿಯುತ್ತೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರು ಸವರಿದ್ರೆ ಎಲೆ ಆಕಾರ ಕೆಂಪುಕಂದಾಗಿ ಎದ್ದು ಬರುತ್ತೆ. ಎಷ್ಟು ಗಂಟೆ ಬೇಕು ಅನ್ನೋದು ಅವತ್ತಿನ ಬಿಸಿಲ ಮೇಲೆ ಹೋಗುತ್ತೆ, ಅದಕ್ಕೇ ಮೂರ್ನಾಲ್ಕು ಕಾಗದ ಇಟ್ಟು ಒಂದೊಂದನ್ನ ಒಂದೊಂದು ಹೊತ್ತಿಗೆ ತೆಗೆಯೋಣ, ಹಿಂದೆ ಟೈಮ್ ಬರೀಬೇಕಾದವಳು ನೀನು.

ಹೂವಿನ ರಸ, ಎಲೆ ರಸ ಹಚ್ಚಿ ಬಿಸಿಲಿಗಿಟ್ಟು ಇಂಥ ಪ್ರಯೋಗ ಮಾಡಿದವರಲ್ಲಿ ಜಾನ್ ಹರ್ಷೆಲ್ ಅನ್ನೋ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಒಬ್ರು, 1842ರಲ್ಲಿ. ಅದೇ ವರ್ಷ ಅವರು ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸೋ ವಿಧಾನವನ್ನೂ ಕಂಡುಹಿಡಿದ್ರು, ಅದಕ್ಕೆ ಸಯನೋಟೈಪ್ ಅಂತ ಹೆಸರು. ಅನ್ನಾ ಅಟ್ಕಿನ್ಸ್ ಅನ್ನೋ ಹೆಣ್ಣುಮಗಳು 1843ರಿಂದ ಆ ವಿಧಾನದಲ್ಲಿ ಕಡಲ ಪಾಚಿಗಳನ್ನ ನೇರ ಕಾಗದದ ಮೇಲಿಟ್ಟು ಬಿಸಿಲಲ್ಲಿ ಅಚ್ಚು ತೆಗೆದ್ರು, ನೀಲಿ ಹಿನ್ನೆಲೇಲಿ ಬಿಳೀ ಎಳೆ ಎಳೆ ಪಾಚಿ, ಒಂದೊಂದು ನರಾನೂ ಕಾಣೋ ಹಾಗೆ. ಆಕೆಯ ಅಪ್ಪನೂ ವಿಜ್ಞಾನಿ. ಅವರು ಅನುವಾದ ಮಾಡಿದ ಚಿಪ್ಪುಗಳ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟಿದ್ದು ಈ ಮಗಳೇ. ಇದನ್ನ ಓದಿದಾಗೆಲ್ಲಾ ನಂಗೆ ನೀನು ಕಣ್ಮುಂದೆ ಬರ್ತೀಯ.

ಇನ್ನೊಂದು ಆಟ, ಇದಕ್ಕೆ ಜಾಗ ಬೇಕು, ಮನೆಯೊಳಗೆ ಸಾಧ್ಯನೇ ಇಲ್ಲ. ಮೂರು ಉದ್ದ ಕೋಲನ್ನ ಮೇಲ್ಗಡೆ ಸೇರಿಸಿ ಕಟ್ಟಿ ನಿಲ್ಲಿಸೋಣ, ನಡುವಿಂದ ದಾರ ಇಳಿಬಿಟ್ಟು ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟ್ಲಿಯನ್ನ ತಲೆಕೆಳಗಾಗಿ ನೇತುಹಾಕೋಣ, ಮುಚ್ಚಳಕ್ಕೆ ಒಂದು ಸಣ್ಣ ತೂತು. ಒಳಗೆ ತೆಳ್ಳಗೆ ಕಲಸಿದ ಪೋಸ್ಟರ್ ಕಲರ್. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ತೂತಿಂದ ಬೆರಳು ತೆಗೆದು ಬಾಟ್ಲಿಯನ್ನ ಸ್ವಲ್ಪ ಓರೆಯಾಗಿ ತಳ್ಳಿಬಿಡು. ಬಣ್ಣ ತಾನೇ ಉದ್ದುದ್ದ ಸುತ್ತು ಬರೀತಾ ಹೋಗುತ್ತೆ, ಒಂದು ಸುತ್ತಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಗಾಳಿ ತಡೀತಾ ಇರೋದ್ರಿಂದ ತೂಗಾಟ ಪ್ರತಿ ಸಲ ಒಂದು ಚೂರು ಕಮ್ಮಿ ಆಗುತ್ತೆ, ಅದಕ್ಕೇ ಗೆರೆಗಳು ಒಳಮುಖ ಸರಿಯೋದು.

ಒಂದನ್ನ ಮಾತ್ರ ಹತ್ರ ಬಗ್ಗಿ ನೋಡು. ಸುತ್ತಿನ ಎರಡು ತುದೀಲಿ ಬಣ್ಣ ದಪ್ಪಗಿರುತ್ತೆ, ನಡುವೆ ತೆಳ್ಳಗೆ. ಬಾಟ್ಲಿ ತುದಿ ಹತ್ರ ಹೋದಾಗ ನಿಧಾನ ಆಗುತ್ತೆ, ವಾಪಸ್ ಬರ್ತಾ ಜೋರು ಹಿಡಿಯುತ್ತೆ, ನಡುವೆ ಬಂದಾಗ ವೇಗ ಅತಿ ಹೆಚ್ಚು. ನಿಧಾನ ಇದ್ದ ಕಡೆ ಹೆಚ್ಚು ಬಣ್ಣ ಬಿತ್ತು, ಅಷ್ಟೇ. ಅಂದ್ರೆ ವೇಗ ಅನ್ನೋದು ಬಟ್ಟೆ ಮೇಲೆ ಕೈಯಿಂದ ಮುಟ್ಟಿ ನೋಡೋ ಹಾಗೆ ಬಂದುಬಿಡ್ತು, ನನಗೆ ಈ ಎಲ್ಲಾ ಆಟಗಳಲ್ಲಿ ಅತಿ ಇಷ್ಟ ಆಗೋದು ಇದೇ.

ಆಮೇಲೆ ದಾರ ಗಿಡ್ಡ ಮಾಡು. ದಾರ ಕಟ್ಟಿದ ಜಾಗದಿಂದ ಬಾಟ್ಲಿ ನಡುವಿನ ತನಕ 1 ಮೀಟರ್ ಇದ್ರೆ ಒಂದ್ಸಲ ಹೋಗಿ ಬರೋಕೆ ಸುಮಾರು 2 ಸೆಕೆಂಡ್. ಅರ್ಧ ಸಮಯದಲ್ಲಿ ಬರ್ಬೇಕು ಅಂದ್ರೆ ಆ ಉದ್ದ ಅರ್ಧ ಮಾಡಿದ್ರೆ ಸಾಲದು, ಕಾಲು ಭಾಗ ಮಾಡ್ಬೇಕು, 25 ಸೆಂಟಿಮೀಟರ್. ನಂಬಬೇಡ, ವಾಚ್ ಇಟ್ಕೊಂಡು ಹತ್ತು ಸಲ ತೂಗಿಸಿ ಎಣಿಸು. ಇನ್ನು ಬಾಟ್ಲಿ ಭಾರ ಮಾಡಿದ್ರೆ ಬೇಗ ಬರುತ್ತಾ ಅಂತ ನೀನು ಕೇಳೇ ಕೇಳ್ತೀಯ. ದಾರದ ಉದ್ದ ಬದಲಾಯಿಸ್ದೆ ಭಾರ ಮಾತ್ರ ಬದಲಾಯಿಸಿ ನೀನೇ ನೋಡು, ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಕೆಸರು ನಿನಗೆ ಹೇಳಿಕೊಡೋ ಅಗತ್ಯನೇ ಇಲ್ಲ, ಆದ್ರೂ ಒಂದು ಮಾತು. ಕೆಮ್ಮಣ್ಣನ್ನ ಗಾಜಿನ ಜಾಡೀಲಿ ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಬಿಡು. ಮೊದಲು ಮರಳು ತಳಕ್ಕೆ ಕೂರುತ್ತೆ, ಅದರ ಮೇಲೆ ನವಿರು ಮಣ್ಣು, ಎಲ್ಲಕ್ಕಿಂತ ಸಣ್ಣ ಜೇಡಿಮಣ್ಣಿನ ಕಣ ಮಾತ್ರ ಗಂಟೆಗಟ್ಟಲೆ ನೀರಲ್ಲೇ ತೇಲ್ತಾ ಇರುತ್ತೆ. ಆ ಮೇಲಿನ ಕದಡು ನೀರನ್ನ ಬೇರೆ ತಟ್ಟೆಗೆ ಬಗ್ಗಿಸಿ ಒಣಗೋಕೆ ಬಿಟ್ಟು, ಉಳಿದ ನುಣುಪಿಗೆ ಸ್ವಲ್ಪ ಗೋಂದು ಕಲಸಿದ್ರೆ ಅದೇ ಪೇಂಟ್. ಕೆಂಪು ಬಂದಿದ್ದು ಮಣ್ಣಲ್ಲಿರೋ ಕಬ್ಬಿಣದ ಆಕ್ಸೈಡಿನಿಂದ, ತುಕ್ಕು ಇದೆಯಲ್ಲ, ಅದರದೇ ನೆಂಟ. ಸಾವಿರಾರು ವರ್ಷದ ಹಿಂದೆ ಗುಹೆ ಗೋಡೆ ಮೇಲೆ ಪ್ರಾಣಿ ಚಿತ್ರ ಬರೆದವರು ಬಳಸಿದ್ದೂ ಇದೇ ಥರದ ಕಾವಿ ಬಣ್ಣ, ಅರಿಶಿನದ ಹಾಗೆ ಇದು ಬಿಸಿಲಿಗೆ ಮಾಸಲ್ಲ. ಕೈಗೆ ಗಾಯ ಇದ್ರೆ ಮಾತ್ರ ಮಣ್ಣಾಟ ಬೇಡ, ಮುಗಿದ ಮೇಲೆ ಸೋಪಲ್ಲಿ ಕೈ ತೊಳೀಬೇಕು.

ಸೋಡಾ ಕಲಸಿದ ಬಣ್ಣದ ಮೇಲೆ ವಿನೆಗರ್ ಹನಿಸಿದ್ರೆ ನೊರೆ ಉಕ್ಕಿ ಬಣ್ಣ ಹರಡುತ್ತೆ, ಅದು ಕಾರ್ಬನ್ ಡೈಆಕ್ಸೈಡ್. ಚೆನ್ನಾಗಿರುತ್ತೆ ಆದ್ರೆ ಬೇಗ ಬೇಜಾರೂ ಆಗುತ್ತೆ. ಇವೆರಡನ್ನ ಬಾಟ್ಲೀಲಿ ಹಾಕಿ ಮುಚ್ಚಳ ಮಾತ್ರ ಯಾವತ್ತೂ ಮುಚ್ಚಬಾರದು, ಒಳಗೆ ಅನಿಲ ತುಂಬಿ ಸಿಡಿಯುತ್ತೆ. ಬಣ್ಣ ಕಲಸಿದ ಸೋಪಿನ ಗುಳ್ಳೇನ ಕಾಗದದ ಮೇಲೆ ಗುಂಪಾಗಿ ಒಡೆಸಿದ್ರೆ ಉಳಿಯೋ ಗೆರೆ ನೋಡು, ಸಾಮಾನ್ಯವಾಗಿ ಒಂದು ಜಾಗಕ್ಕೆ ಮೂರೇ ಗೆರೆ ಸೇರೋದು, ನಾಲ್ಕು ಸೇರಲ್ಲ. ಯಾಕೆ ಅನ್ನೋದನ್ನ ಗುಳ್ಳೆ ಊದ್ತಾ ಮಾತಾಡೋಣ.

ಚಿತ್ರ ಚೆಂದ ಬರ್ಲಿಲ್ಲ ಅಂತ ಹರಿದು ಹಾಕ್ಬೇಡ, ನಿನಗೆ ಆ ಅಭ್ಯಾಸ ಇದೆ. ಎಲೆ ಅಚ್ಚು ಮಸುಕಾಗಿ ಬಂದ ಕಾಗದಾನೂ ಟೈಮ್ ಬರೆದು ಇಟ್ಕೋ, ಮುಂದಿನ ಸಲ ಎಷ್ಟು ಹೊತ್ತು ಬಿಡ್ಬೇಕು ಅಂತ ಹೇಳೋದು ಅದೇ. ಬಟ್ಟೆ ಬಗ್ಗೆ ಯೋಚ್ನೆ ಬೇಡ, ನನ್ನ ಎರಡು ಹಳೇ ಶರ್ಟ್ ತೆಗೆದಿಟ್ಟಿದೀನಿ, ಒಂದು ನಿಂಗೆ ಒಂದು ನಂಗೆ.

ನಿನ್ನ ಫ್ರಾಕ್ ಎಲ್ಲಿ ಹೋಯ್ತು ಅಂತ ಎರಡು ದಿನದಿಂದ ಹುಡುಕ್ತಾ ಇದ್ದೀಯ. ಹಿತ್ತಲ ತಂತಿ ಮೇಲಿದೆ. ಕಲೆಯ ಅರ್ಧ ಭಾಗಕ್ಕೆ ಹಿಂದೆ ಮುಂದೆ ಕಪ್ಪು ರಟ್ಟು ಮುಚ್ಚಿ ಕ್ಲಿಪ್ ಹಾಕಿದೀನಿ, ಇನ್ನರ್ಧ ಬಿಸಿಲಿಗೆ ಬಿಟ್ಟಿದೀನಿ. ನಾನಿನ್ನೂ ರಟ್ಟು ಎತ್ತಿ ನೋಡಿಲ್ಲ. ಸ್ಕೂಲಿಂದ ಬಂದ ತಕ್ಷಣ ಬಾ, ಕ್ಲಿಪ್ ತೆಗೆಯೋದು ನೀನು.

ಅಪ್ಪ