ಮೆಸೇಜ್ ಬರೆಯೋ ಮುಂಚೆ ಓದುವವರನ್ನು ನೆನಪು ಮಾಡಿಕೊ

ಪ್ರೀತಿಯ ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದ.

ನಿನ್ನ ಅಂಗಡಿಯಿಂದ ದೋಟಿ, ಅದೇ ನೆಲದಲ್ಲಿ ನಿಂತೇ ಅಡಿಕೆ ಮರಕ್ಕೆ ಔಷಧಿ ಹೊಡೆಯೋ, ಗೊನೆ ಇಳಿಸೋ ಉದ್ದ ಕೋಲು, ತಡ ಆಗುತ್ತೆ ಅಂತ ಮೆಸೇಜ್ ಹೋಯ್ತಲ್ಲ, ಅದು ನನಗೂ ಬಂತು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಮೊದಲು "ಗೌರವಾನ್ವಿತ ಗ್ರಾಹಕರೇ". ಆಮೇಲೆ ನಮ್ಮ ಸಂಸ್ಥೆ ಗುಣಮಟ್ಟಕ್ಕೆ ಬದ್ಧ ಅಂತ ಎರಡು ಸಾಲು. ಆಮೇಲೆ ಕಂಪನಿಯವರ ಕಷ್ಟ, ಲಾರಿಯವರ ಕಷ್ಟ. ಎಲ್ಲ ಮುಗಿದ ಮೇಲೆ ಕಡೆಯಲ್ಲಿ "ಸ್ವಲ್ಪ ವಿಳಂಬವಾಗಬಹುದು". ಸ್ವಲ್ಪ ಅಂದರೆ ಎಷ್ಟು? ನಾಲ್ಕು ದಿನವಾ, ಒಂದು ತಿಂಗಳಾ?

ಓದುವವರು ಈಗ ಯಾವ ಪರಿಸ್ಥಿತಿಯಲ್ಲಿದ್ದಾರೆ ಅಂತ ಯೋಚಿಸು. ಮೇ ತಿಂಗಳು ಮುಗಿಯುತ್ತಾ ಬಂತು. ಮೃಗಶಿರ ಮಳೆ ಹಿಡಿಯೋ ಮುಂಚೆ ಅಡಿಕೆಗೆ ಮೊದಲನೇ ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ರೋಗಕ್ಕೆ ದಾರಿ ಬಿಟ್ಟ ಹಾಗೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ ದ್ರಾವಣ ಅವತ್ತೇ ಖರ್ಚಾಗಬೇಕು, ನಾಳೆಗೆ ಇಡೋ ಹಾಗಿಲ್ಲ. ಮೈಲುತುತ್ತ ತಂದಿಟ್ಟಿದ್ದಾರೆ, ಆಳಿಗೆ ಹೇಳಿದ್ದಾರೆ, ನಿನ್ನ ದೋಟಿಗೆ ಮುಂಗಡವನ್ನೂ ಕೊಟ್ಟಿದ್ದಾರೆ. ಅವರಿಗೆ ಇರೋದು ಒಂದೇ ಪ್ರಶ್ನೆ: ಕಾಯಬೇಕಾ, ಇಲ್ಲ ಮರ ಹತ್ತುವವರನ್ನು ಹುಡುಕಬೇಕಾ? ನಿನ್ನ ಮೆಸೇಜಿನಲ್ಲಿ ಇದಕ್ಕೆ ಉತ್ತರವೇ ಇಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನೀವು ಬುಕ್ ಮಾಡಿದ ದೋಟಿ ಮೇ 25ಕ್ಕೆ ಬರುವುದಿಲ್ಲ. ಜೂನ್ 4ಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿವರೆಗೆ ಕಾಯಲು ಆಗದಿದ್ದರೆ ಬಾಡಿಗೆ ದೋಟಿ ಕೊಡುತ್ತೇವೆ, ಅದೂ ಬೇಡ ಅಂದರೆ ಮುಂಗಡ ವಾಪಸ್ ಕೊಡುತ್ತೇವೆ. ಯಾವುದು ಬೇಕು ಅಂತ ನಾಳೆ ಸಂಜೆಯೊಳಗೆ ಈ ನಂಬರಿಗೆ ಫೋನ್ ಮಾಡಿ. ಔಷಧಿ ಹೊಡೆಯೋ ಸಮಯದಲ್ಲಿ ತೊಂದರೆ ಆಯ್ತು, ಕ್ಷಮಿಸಿ."

ಇಷ್ಟು ಸಾಕು. ಕೆಟ್ಟ ಸುದ್ದಿ ಮೊದಲನೇ ಸಾಲಲ್ಲೇ ಇದೆ, ತಾರೀಕು ಇದೆ, ಅವರು ಏನು ಮಾಡಬೇಕು ಅನ್ನೋದು ಇದೆ. ಲಾರಿ ಯಾಕೆ ತಡವಾಯ್ತು ಅನ್ನೋದು ಬೇಕಿದ್ದವರು ಫೋನಿನಲ್ಲಿ ಕೇಳುತ್ತಾರೆ, ಆಗ ಹೇಳು. ಕೆಟ್ಟ ಸುದ್ದಿಯನ್ನು ಹಿಂದೆ ಮುಂದೆ ಸುತ್ತಿ ಕಡೆಗೆ ಹೇಳಿದರೆ ಮರ್ಯಾದೆ ಕೊಟ್ಟ ಹಾಗಾಗುತ್ತೆ ಅಂತ ನೀನು ಅಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಬೇರೆ ವ್ಯವಸ್ಥೆ ಮಾಡಿಕೊಳ್ಳೋಕೆ ಸಮಯ ಇರುವಾಗಲೇ ಹೇಳೋದು ಮರ್ಯಾದೆ. ಕಂಪನಿಯವರು ತಡ ಅಂದ ದಿನವೇ ಮೆಸೇಜ್ ಹೋಗಬೇಕು, ತಾರೀಕು ಖಚಿತವಿಲ್ಲದಿದ್ದರೆ "ಯಾವತ್ತು ಬರುತ್ತೆ ಅಂತ ಬುಧವಾರ ತಿಳಿಸುತ್ತೇವೆ" ಅಂತಾದರೂ ಬರೆ. ಬುಧವಾರ ಮರೆಯದೆ ತಿಳಿಸು. ಏನೂ ಗೊತ್ತಾಗದಿದ್ದರೆ ಗೊತ್ತಾಗಿಲ್ಲ ಅಂತಲೇ ತಿಳಿಸು.

ಬರೆಯೋಕೆ ಕೂರುವ ಮುಂಚೆ ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತಗೋ. ಇದನ್ನು ಓದೋರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಓದಿದ ಮೇಲೆ ಏನು ಮಾಡಬೇಕು, ಯಾವಾಗ ಮಾಡಬೇಕು, ಇಷ್ಟನ್ನು ಗೀಚಿಕೋ. ಬರೆಯೋಕೆ ಹಿಡಿಯೋ ಹೊತ್ತಿಗಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿದರೂ ಪರವಾಗಿಲ್ಲ. "ಏನು ಮಾಡಬೇಕು" ಅನ್ನೋದಕ್ಕೆ ಉತ್ತರ ಸಿಗಲಿಲ್ಲ ಅಂದರೆ ಆ ಮೆಸೇಜ್ ಕಳಿಸೋದೇ ಬೇಡ. ದಿನಾ ಶುಭೋದಯ ಅಂತ ಹೂವಿನ ಚಿತ್ರ ಕಳಿಸೋ ಅಂಗಡಿಯವರ ಮೆಸೇಜನ್ನು ಜನ ತೆರೆದೂ ನೋಡುವುದಿಲ್ಲ, ಅದರ ಮಧ್ಯೆ ಮುಖ್ಯವಾದದ್ದೂ ಕಳೆದುಹೋಗುತ್ತೆ.

ನಮ್ಮ ಕಡೆ ಎಲ್ಲರೂ ಪೂರ್ತಿ ಓದೋ ಮೆಸೇಜ್ ಯಾವುದು ಹೇಳು? ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಒಂದೊಂದು ಬಗೆಯ ಅಡಿಕೆಯ ಮುಂದೆ ಕನಿಷ್ಠ, ಗರಿಷ್ಠ ಬೆಲೆ. ಒಂದು ಪದ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ. ನೋಡಿದ ತಕ್ಷಣ ಕೊಡಬೇಕಾ, ಇಟ್ಟುಕೊಳ್ಳಬೇಕಾ ಅಂತ ಮನೆಯಲ್ಲಿ ಮಾತು ಶುರುವಾಗುತ್ತೆ.

ಇನ್ನು ನೆಟ್‌ವರ್ಕ್ ವಿಷಯ. ನೀನು ಶಿವಮೊಗ್ಗ ಪೇಟೆಯಲ್ಲಿ ಕೂತಿದ್ದೀಯ. ಆಗುಂಬೆ ಕಡೆಯಲ್ಲೋ, ಹೊಸನಗರದ ಒಳಗಿನ ಊರಲ್ಲೋ ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ನೀನು ಚಂದ ಮಾಡಿ ಕಳಿಸಿದ ಪೋಸ್ಟರ್ ಅಲ್ಲಿ ಸುತ್ತುತ್ತಲೇ ಇರುತ್ತೆ, ತೆರೆಯೋದೇ ಇಲ್ಲ. ತಾರೀಕು, ಬೆಲೆ ಚಿತ್ರದ ಒಳಗಷ್ಟೇ ಇದ್ದರೆ ಅದು ತಲುಪಿಲ್ಲ ಅಂತಲೇ ಲೆಕ್ಕ. ಅಕ್ಷರದಲ್ಲಿ ಬರೆ, ಚಿತ್ರ ಬೇಕಿದ್ದರೆ ಆಮೇಲೆ ಕಳಿಸು. ಎಸ್ಎಂಎಸ್ ಕಳಿಸುವಾಗ ಇನ್ನೊಂದು ನೆನಪಿಡು: ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ ಹಿಡಿಯುತ್ತೆ, ಕನ್ನಡದಲ್ಲಿ 70 ಮಾತ್ರ, ಒತ್ತು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ ಎಣಿಕೆ. ಹಾಗಂತ ಇಂಗ್ಲಿಷಿಗೆ ಹೋಗಬೇಡ. ಕನ್ನಡದಲ್ಲೇ ಚಿಕ್ಕದಾಗಿ ಬರೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ, ಆದ್ದರಿಂದ ಬಿಲ್ ಮಾಡುವಾಗಲೇ ಅವರ ಫೋನಿನಲ್ಲಿ ಸೇವ್ ಮಾಡಿಸಿಬಿಡು.

ಕಂಪನಿಗೆ, ಬ್ಯಾಂಕಿಗೆ ಬರೆಯುವಾಗಲೂ ಇದೇ ಕ್ರಮ. ಅಲ್ಲಿ ಓದುವವರ ಮುಂದೆ ನಿನ್ನಂಥವರ ಇಮೇಲ್ ರಾಶಿ ಇರುತ್ತೆ. ವಿಷಯದ ಸಾಲಲ್ಲೇ ಆರ್ಡರ್ ನಂಬರ್, ಏನು ಬೇಕು, ಯಾವ ತಾರೀಕಿನೊಳಗೆ ಅಂತ ಹಾಕು. ಒಂದು ಇಮೇಲಿಗೆ ಒಂದೇ ಕೇಳಿಕೆ ಇರಲಿ. ಎರಡು ಕೇಳಿದರೆ ಸುಲಭದ್ದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಟ್ಟುಬಿಡುತ್ತಾರೆ.

ನಾನು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದಷ್ಟು ಕಾಲ ಸದಸ್ಯರಿಗೆ ನೋಟಿಸ್ ಬರೆಯೋದೇ ದೊಡ್ಡ ಕೆಲಸವಾಗಿತ್ತು. ನೋಟಿಸ್ ಹೋದ ಮೇಲೆ ಬರುವ ಫೋನುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದರೆ ಅವರು ಸರಿಯಾಗಿ ಓದಿಲ್ಲ ಅಂತಲ್ಲ, ಅದು ನೋಟಿಸಿನಲ್ಲಿ ಇರಬೇಕಾದ ಜಾಗದಲ್ಲಿ ಇಲ್ಲ ಅಂತ. ನೀನೂ ಅಂಗಡಿಯ ಹುಡುಗನ ಹತ್ತಿರ ಇದನ್ನು ಬರೆಸು. ಮುಂದಿನ ಮೆಸೇಜಿಗೆ ಬೇಕಾದದ್ದೆಲ್ಲ ಅದರಲ್ಲೇ ಸಿಗುತ್ತೆ. ಕಳಿಸೋ ಮುಂಚೆ ವಿಷಯ ಗೊತ್ತಿಲ್ಲದವರೊಬ್ಬರಿಗೆ ಓದೋಕೆ ಕೊಟ್ಟು, ಏನು ಅರ್ಥವಾಯ್ತು ಅಂತ ಕೇಳು. ನಿನ್ನ ಅಮ್ಮನೇ ಆದೀತು.

ದುಡ್ಡು ಕೊಟ್ಟವರೇ ಓದುವವರು ಅಂತ ಅಂದುಕೊಳ್ಳಬೇಡ. ದೋಟಿ ಬುಕ್ ಮಾಡಿದ್ದು ಬೆಂಗಳೂರಲ್ಲಿರೋ ಮಗ, ತೋಟದಲ್ಲಿರೋದು ಅಪ್ಪ, ದೋಟಿ ಹಿಡಿಯೋದು ಅಡಿಕೆ ಗೊನೆ ತೆಗೆಯುವವನು. ಮೆಸೇಜ್ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತಾ ಹೋಗುತ್ತೆ. ಅದಕ್ಕೇ ಪ್ರತಿಯೊಂದರಲ್ಲೂ ಅಂಗಡಿ ಹೆಸರು, ನಂಬರ್, ಪೂರ್ತಿ ತಾರೀಕು ಇರಲಿ. "ನಾಳೆ" ಅಂತ ಬರೆದದ್ದು ಮೂರನೇ ಫೋನಿಗೆ ತಲುಪುವಾಗ ಯಾವ ನಾಳೆಯೋ ಯಾರಿಗೆ ಗೊತ್ತು. ಮೇಲೆ ನಾನು ಬರೆದದ್ದು ಮುಂಗಡ ಕೊಟ್ಟವರಿಗೆ ಒಬ್ಬೊಬ್ಬರಿಗೇ ಕಳಿಸೋಕೆ, ಹಾಗಿದ್ದರೂ ನಾಳೆಯ ಜಾಗದಲ್ಲಿ ತಾರೀಕನ್ನೇ ಹಾಕು.

ಈ ಪತ್ರ ಬರೆಯೋಕೆ ಕೂತದ್ದೇ ಇದರ ಮುಂದಿನ ಮಾತಿಗೆ. ನೀನು ಮಾರೋದು ಕಾರ್ಬನ್ ಫೈಬರ್ ದೋಟಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. ನಮ್ಮ ತೋಟಗಳ ಅಂಚಿನಲ್ಲೆಲ್ಲ ಲೈನ್ ಹೋಗಿದೆ, ಮಳೆಗಾಲದಲ್ಲಿ ದೋಟಿಯೂ ಕೈಯೂ ಒದ್ದೆ. ನಿನ್ನ ಕರಪತ್ರದಲ್ಲಿ ಹಗುರ, ಗಟ್ಟಿ, ಇಷ್ಟು ಉದ್ದ ಅಂತೆಲ್ಲ ಇದೆ, ತಂತಿಯ ಮಾತು ಹಿಂದಿನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅದನ್ನು ಓದಬೇಕಾದವನು ಕರಪತ್ರ ನೋಡೋದೇ ಇಲ್ಲ, ಪುಟ್ಟಿ. ಅವನಿಗೆ ಧ್ವನಿಯಲ್ಲಿ ಹೇಳು, ಯಾಕೆಂದರೆ ಕೆಲವರಿಗೆ ಓದೋಕೆ ಬರುವುದಿಲ್ಲ, ಬಂದರೂ ಕೆಲಸದ ಮಧ್ಯೆ ಓದುವುದಿಲ್ಲ. "ಕರೆಂಟ್ ತಂತಿ ಹತ್ತಿರ ಇರೋ ಮರಕ್ಕೆ ಈ ದೋಟಿ ಎತ್ತಬೇಡಿ, ತಾಗಿದರೆ ಜೀವ ಹೋಗುತ್ತೆ." ಮೊದಲ ಮಾತೇ ಇದಾಗಲಿ, ನಮಸ್ಕಾರವೂ ಇದರ ಆಮೇಲೆ. ದೋಟಿಯ ಹಿಡಿಯ ಹತ್ತಿರ ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸು. ಈಗಾಗಲೇ ದೋಟಿ ತಗೊಂಡು ಹೋದವರಿಗೆಲ್ಲ ಈ ವಾರದೊಳಗೆ ಕಳಿಸು, ತಲುಪದವರಿಗೆ ಫೋನ್ ಮಾಡು. ಬಿಲ್ ಪುಸ್ತಕ ನೋಡಿ ನಂಬರ್ ಪಟ್ಟಿ ಮಾಡೋಕೆ ಜನ ಬೇಕಿದ್ದರೆ ಹೇಳು, ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ.

ನಿನ್ನ ಚಿಕ್ಕಪ್ಪ