ಆ ಒಂದು ಕಾಲಮ್ ಸಾಲದು, ದೋಸ್ತ

ರಾಯಚೂರು

ದೋಸ್ತ,

ನೀನು ಕಳಿಸಿದ ಪಟ್ಟಿ ನೋಡಿದೆ. ಸಾವಿರಾರು ಮಕ್ಕಳ ಮಾಹಿತಿ ತುಂಬಿದರೆ ಯಾವ ಫಿಟ್ಸ್‌ಗೆ ಯಾವ ಜೀನ್ ಕಾರಣ ಅಂತ ಕಂಪ್ಯೂಟರೇ ಹೇಳುತ್ತೆ ಅಂದಿದ್ದೀಯ. ಹೇಳಲಿ. ಆದರೆ ಅದರಲ್ಲಿ 'ಜ್ವರದ ಫಿಟ್ಸ್: ಹೌದು / ಇಲ್ಲ' ಅಂತ ಒಂದೇ ಕಾಲಮ್ ಇದೆಯಲ್ಲ, ನನ್ನ ತಕರಾರು ಅಲ್ಲೇ.

ಹೋದ ಬೇಸಿಗೆಯಲ್ಲಿ ಒಬ್ಬ ತಾಯಿ ಒಂದೂವರೆ ವರ್ಷದ ಮಗುವನ್ನು ಕರೆತಂದಿದ್ದಳು. ಆರನೇ ತಿಂಗಳಿಗೆ ಮೊದಲ ಫಿಟ್ಸ್, ಅರ್ಧ ತಾಸು ನಿಂತಿರಲಿಲ್ಲ. ಸ್ಕ್ಯಾನ್, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಎರಡೂ ನಾರ್ಮಲ್. ಹಳೇ ಚೀಟಿಯಲ್ಲಿ 'ಜ್ವರದ ಫಿಟ್ಸ್' ಅಂತಷ್ಟೇ ಇತ್ತು. ನಾನೂ ಅದನ್ನೇ ಬರೆದು ಕಳಿಸುತ್ತಿದ್ದೆನೇನೋ. ಬಾಗಿಲವರೆಗೆ ಹೋದವಳು ತಿರುಗಿ, "ಒಮ್ಮಿ ಎಡಗೈ ಎಡಗಾಲು ಜಗ್ತೈತ್ರಿ, ಇನ್ನೊಮ್ಮಿ ಬಲಗಡಿ. ಬಿಸಿನೀರಾಗ ಜಳಕ ಮಾಡಿಸಿದ್ರೂ ಬರ್ತೈತ್ರಿ" ಅಂದಳು. ಮೊಬೈಲಿನಲ್ಲಿ ವಿಡಿಯೊ ಇತ್ತು. ಅಜ್ಜಿ ಮಗುವಿನ ಬಲಗೈಗೆ ಕಬ್ಬಿಣದ ಕೀಲಿ ಹಿಡಿಸಲು ಒದ್ದಾಡುತ್ತಿದ್ದಾಳೆ, ಆ ಕೈ ಒಂದೇ ಸಮನೆ ಜಗ್ಗುತ್ತಿದೆ. ಎಡಗೈ ಸುಮ್ನೆ ಬಿದ್ದಿದೆ. ಬೇರೆ ಕಡೆ ಕೊಟ್ಟ ಕಾರ್ಬಮಜೆಪೈನ್ ಅನ್ನೋ ಫಿಟ್ಸ್ ಮಾತ್ರೆ ಶುರುವಾದ ಮೇಲೆ ಇನ್ನೂ ಜಾಸ್ತಿ ಆಗಿತ್ತಂತೆ.

ಡ್ರಾವೆ ಸಿಂಡ್ರೋಮ್: ಕೂಸಿದ್ದಾಗಲೇ ಶುರುವಾಗಿ, ಹೀಗೆ ಕಡೆ ಬದಲಿಸುತ್ತ, ಮೈ ಬಿಸಿಯಾದರೆ ಕಾಡುವ ಗಂಭೀರ ಫಿಟ್ಸ್ ಕಾಯಿಲೆ. ಆ ಮಾತ್ರೆ ಈ ಮಕ್ಕಳಿಗೆ ಆಗಿಬರೋದಿಲ್ಲ. ಮೊದಲು ಅದನ್ನು ಬಿಡಿಸಿದೆ, ರಕ್ತ ಬೆಂಗಳೂರಿಗೆ ಹೋಯಿತು, ಎಸ್‌ಸಿಎನ್1ಎ ಜೀನ್‌ನಲ್ಲೇ ದೋಷ ಸಿಕ್ಕಿತು. ಷಾರ್ಲೆಟ್ ಡ್ರಾವೆ ಈ ಕಾಯಿಲೆಯನ್ನು ಮಕ್ಕಳನ್ನು ನೋಡಿ ನೋಡಿಯೇ 1978ರಲ್ಲಿ ಬರೆದಿಟ್ಟವರು. ಜೀನ್ ಸಿಕ್ಕಿದ್ದು 2001ರಲ್ಲಿ, ಪರೀಕ್ಷಿಸಿದ 7 ಮಕ್ಕಳಲ್ಲಿ 7 ಜನಕ್ಕೂ ಅದರಲ್ಲಿ ದೋಷ ಇತ್ತು. ಆ ಏಳು ಮಕ್ಕಳನ್ನು ಒಂದೇ ಗುಂಪಿಗೆ ಸೇರಿಸಿದ್ದು ಯಾರ ಕಣ್ಣು ಹೇಳು? ಇದೇ ಜೀನ್ ಕೆಟ್ಟರೂ ಕೆಲವು ಮನೆತನಗಳಲ್ಲಿ ಸಾದಾ ಜ್ವರದ ಫಿಟ್ಸ್ ಬಂದು ಹೋಗುತ್ತೆ. ಬರೀ ರಿಪೋರ್ಟ್ ನೋಡಿದರೆ ಏನು ಗೊತ್ತಾಗಬೇಕು?

'ಬಿಸಿನೀರು' ಅಂತ ಒಂದು ಕಾಲಮ್ ಹಾಕಿಬಿಡಬೇಡ ಮತ್ತೆ. ತಲೆ ಮೇಲೆ ತಂಬಿಗೆಗಟ್ಟಲೆ ಬಿಸಿನೀರು ಸುರಿದಾಗ ಬರುವ ಫಿಟ್ಸ್ ನಮ್ಮ ಕರ್ನಾಟಕದಲ್ಲಿ ಜಾಸ್ತಿ, ಅದೇ ಬೇರೆ.

ಒಂದು ಕಡೆ ಮಾತ್ರ ನಿನಗೆ ಸೋತೆ. "ಅಕ್ಕನ ಮಗಳ್ನ ಮಾಡ್ಕೊಂಡಿದ್ದಕ್ಕ ಹಿಂಗಾತೇನ್ರಿ?" ಅಂತ ಆ ಮಗುವಿನ ಅಪ್ಪ ಕೇಳಿದ. ಅಲ್ಲಪ್ಪ, ಡ್ರಾವೆಯಲ್ಲಿ ಬಹುಪಾಲು ಈ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತೆ, ನಿಮ್ಮಿಬ್ಬರ ವರದಿಯಲ್ಲೂ ಅದು ಇಲ್ಲ ಅಂದೆ. ಊರೂರಿನ ತಂದೆ ತಾಯಿಯರ ರಕ್ತ ನೋಡಿ ಲೆಕ್ಕ ಇಟ್ಟವರಿಲ್ಲದಿದ್ದರೆ ಆ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

'ತಾಯಿ ಹೇಳಿದ್ದು' ಅಂತ ಒಂದು ಖಾಲಿ ಕಾಲಮ್ ಸೇರಿಸಿ ಕಳಿಸು. ಮಾನ್ವಿ ಕಡೆಯ ಮೂರು ಹಳೇ ಚೀಟಿ ತೆಗೆದಿಟ್ಟಿದ್ದೇನೆ. ಫೋನ್ ಮಾಡಿ ಕೇಳಬೇಕು, ಯಾವ ಕಡೆ ಜಗ್ತಿತ್ತು ಅಂತ.

ನಿನ್ನ
ಡಾಕ್ಟರ್ ದೋಸ್ತ