ವಿಶ್ವವಿದ್ಯಾಲಯ ಬೇರೆಯಾದರೂ ಪಂದ್ಯ ಇರಲಿ

ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಟಿವಿ ದುಡ್ಡಿಗಾಗಿ ತಂಡಗಳು ಒಂದು ಲೀಗ್ ಬಿಟ್ಟು ಇನ್ನೊಂದಕ್ಕೆ ಹಾರುತ್ತಿವೆ. ಒಂದೇ ರಾಜ್ಯದ ಒಕ್ಲಹೋಮಾ, ಒಕ್ಲಹೋಮಾ ಸ್ಟೇಟ್ ತಂಡಗಳು ನೂರು ವರ್ಷಕ್ಕೂ ಜಾಸ್ತಿ ಆಡಿಕೊಂಡು ಬಂದಿದ್ದ ಪಂದ್ಯ 2023ರ ನಂತರ ನಿಂತೇಹೋಯಿತು. ಎಷ್ಟು ಬೇಜಾರಿನ ವಿಷಯ ಅಲ್ವಾ? ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ ನಡುವಿನ ಪಂದ್ಯ 2011ರಲ್ಲಿ ನಿಂತಿತ್ತು, ಎರಡೂ ಮತ್ತೆ ಒಂದೇ ಲೀಗ್‌ಗೆ ಬಂದ ಮೇಲೆ 2024ರಲ್ಲಿ ಶುರುವಾಯಿತು.

ನಮ್ಮಲ್ಲೂ ಹೀಗೇ ಆಗಿದೆ, ಯಾರೂ ಮಾತಾಡುತ್ತಿಲ್ಲ. ತುಮಕೂರು, ಕೋಲಾರದ ಕಾಲೇಜುಗಳು ಮೊದಲು ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಇದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು, ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಂತರ ಕಾಲೇಜು ಟೂರ್ನಿ ಆಯಾ ವಿಶ್ವವಿದ್ಯಾಲಯದ ಒಳಗೇ ನಡೆಯುವುದರಿಂದ, ತುಮಕೂರಿನ ಕಬಡ್ಡಿ ಹುಡುಗರಿಗೆ ಅಲ್ಲಿ ಕೋಲಾರದ ಕಾಲೇಜು ಎದುರಾಳಿಯಾಗಿ ಸಿಗುವುದಿಲ್ಲ. ಆಡಳಿತಕ್ಕೆ ಗಡಿ ಬೇಕು, ಸರಿ. ಆಟಕ್ಕೂ ಯಾಕೆ?

ತುಮಕೂರು, ಬೆಂಗಳೂರು ಉತ್ತರ ಎರಡೂ ವಿಶ್ವವಿದ್ಯಾಲಯಗಳು ಸೇರಿ ಕಬಡ್ಡಿ, ಕೊಕ್ಕೊ ಪಂದ್ಯ ಇಡಬೇಕು. ಒಂದು ವರ್ಷ ತುಮಕೂರಿನಲ್ಲಿ, ಇನ್ನೊಂದು ವರ್ಷ ಕೋಲಾರದಲ್ಲಿ. ಬಸ್ ಖರ್ಚು, ಊಟ, ಇಷ್ಟೇ ತಾನೆ. ಹುಡುಗಿಯರ ತಂಡಗಳನ್ನೂ ದಯವಿಟ್ಟು ಸೇರಿಸಿ.

– ಒಬ್ಬ ಕ್ರೀಡಾಭಿಮಾನಿ, ತುಮಕೂರು